ಸೆಟ್ ದೋಸೆ ಸೆಟ್ ಆಗೋದು ಯಾವಾಗ?

ಕಳೆದ ಸೆಪ್ಟೆಂಬರಿನಲ್ಲಿ ಮಗಳು ಶಾಲೆಯಿಂದ ಬಂದವಳೇ ಬ್ಯಾಗು ಎಸೆದು, "ಅಪ್ಪಾ, ಮ್ಯಾತ್ಸ್‌ಗೆ ನನ್ನನ್ನ ಸೆಟ್ ಟೂಗೆ ಹಾಕಿದಾರೆ" ಅಂತ ಮುಖ ಊದಿಸಿ ಕೂತಳು. ನನ್ನ ತಲೆಗೆ ಬಂದದ್ದು ಪ್ರಶ್ನೆಪತ್ರಿಕೆ. "ಸೆಟ್ ಯಾವುದಾದ್ರೇನೇ, ಪ್ರಶ್ನೆ ಅವೇ ಅಲ್ವಾ, ಹಿಂದುಮುಂದು ಮಾಡಿರ್ತಾರೆ ಅಷ್ಟೆ" ಅಂದೆ. ಅವಳು ಇನ್ನಷ್ಟು ಊದಿದಳು. ಇಲ್ಲಿ ಇಂಗ್ಲೆಂಡಿನ ಬಹಳಷ್ಟು ಹೈಸ್ಕೂಲುಗಳಲ್ಲಿ ಗಣಿತಕ್ಕೆ ಮಕ್ಕಳ ಮಟ್ಟ ನೋಡಿ ಗುಂಪು ಮಾಡುತ್ತಾರೆ. ಆ ಗುಂಪೇ ಸೆಟ್. ಟಾಪ್ ಸೆಟ್ ಅಂದರೆ ಜಾಣರದ್ದು. ತುಮಕೂರಿನಲ್ಲಿ ಕಲಿತ ನನ್ನ ಇಂಗ್ಲಿಷಿಗೆ ಈ ಸಂಗತಿ ಗೊತ್ತೇ ಇರಲಿಲ್ಲ.

ಗೊತ್ತಾಗುವುದಾದರೂ ಹೇಗೆ? "ಕೆಳಗಿನ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿ" ಅನ್ನೋ ಪ್ರಶ್ನೆಗೆ ನಾವೆಲ್ಲ ಬರೆದದ್ದು ಒಂದೇ ವಾಕ್ಯ: ಸೂರ್ಯ ಪಶ್ಚಿಮದಲ್ಲಿ ಸೆಟ್ ಆಗುತ್ತಾನೆ. ಗೈಡಿನಲ್ಲಿದ್ದದ್ದು, ಸ್ವಂತದ್ದು ಅನ್ನಲು ನಮ್ಮ ಕೈಬರಹ ಮಾತ್ರ.

1989ರ ಆಕ್ಸ್‌ಫರ್ಡ್ ನಿಘಂಟು 20 ಸಂಪುಟಗಳದ್ದು. ಅದರಲ್ಲಿ 'ಸೆಟ್' ಅನ್ನೋ ಕ್ರಿಯಾಪದಕ್ಕೇ 430 ಅರ್ಥ, ಸುಮಾರು 60,000 ಪದಗಳ ವಿವರಣೆ. ಇದನ್ನು ಹೇಳಿ ಇಂಗ್ಲಿಷ್ ಎಷ್ಟು ಶ್ರೀಮಂತ ಭಾಷೆ ಅಂತ ಬಾಯಿ ಬಿಡುವವರು ಒಮ್ಮೆ 'ಹಾಕು' ಕಡೆ ತಿರುಗಿ ನೋಡಲಿ. ಬಟ್ಟೆ ಹಾಕು, ಬಾಗಿಲು ಹಾಕು, ರಂಗೋಲಿ ಹಾಕು, ಲೆಕ್ಕ ಹಾಕು, ಹೆಪ್ಪು ಹಾಕು. ಕೋಳಿ ಮೊಟ್ಟೆ ಹಾಕುತ್ತೆ, ಮೇಷ್ಟ್ರು ಮಾರ್ಕ್ಸ್ ಹಾಕುತ್ತಾರೆ. ಇಲ್ಲಿನವರು ಊಟಕ್ಕೆ ಮೊದಲು ಟೇಬಲ್ ಸೆಟ್ ಮಾಡಿದರೆ ನಾವು ಎಲೆ ಹಾಕುತ್ತೇವೆ. ರಜೆಗೆ ಊರಿಗೆ ಹೋದಾಗ ನಮ್ಮಮ್ಮ "ಬಾಗಿಲು ಹಾಕೇ" ಅಂದದ್ದಕ್ಕೆ ಮಗಳು "ಎಲ್ಲಿಗೆ ಹಾಕ್ಲಿ ಅಜ್ಜಿ?" ಅಂದಳು. "ನಿಮ್ಮಪ್ಪನ ತಲೆ ಮೇಲೆ!"

ನನ್ನ ಪೇಚಾಟವೂ ಕಡಿಮೆಯಿಲ್ಲ. ಹೊಸದಾಗಿ ಬಂದಾಗ ಒಂದು ದಿನ ಆಫೀಸಿಗೆ ತಡವಾಯಿತು. ಅಲಾರ್ಮ್ ಇಟ್ಟಿದ್ದೆ, ಹೊಡೆಯಲಿಲ್ಲ ಅಂತ ಹೇಳಲು ಹೋಗಿ "ಐ ಸೆಟ್ ಆಫ್ ದಿ ಅಲಾರ್ಮ್" ಅಂದುಬಿಟ್ಟೆ. ಫೈರ್ ಎಂಜಿನ್ ಬಂತಾ ಅಂತ ಕೇಳಿದರು! 'ಸೆಟ್ ದಿ ಅಲಾರ್ಮ್' ಅಂದರೆ ಅಲಾರ್ಮ್ ಇಡು. ಒಂದು 'ಆಫ್' ಸೇರಿತೋ, ಅದು ಬಡಿದುಕೊಳ್ಳೋ ಹಾಗೆ ಮಾಡು. ನಾನಂದದ್ದು ನಿಜವಾಗಲು ಬಹಳ ದಿನ ಹಿಡಿಯಲಿಲ್ಲ ಅನ್ನಿ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಇಡೀ ಕಟ್ಟಡದವರು ಚಳಿಯಲ್ಲಿ ಬೀದಿಗೆ ಬಂದು ನಿಂತರು.

ಯೋಚಿಸಿದರೆ ಕಷ್ಟವಿರುವುದು ಅರ್ಥಗಳ ಎಣಿಕೆಯಲ್ಲಲ್ಲ, ಅವು ಬರುವ ಸರದಿಯಲ್ಲಿ. ಕನ್ನಡದಲ್ಲಿ 'ಹಾಕು' ಬರುವ ಹೊತ್ತಿಗೆ ಬಾಗಿಲೋ ಮೊಟ್ಟೆಯೋ ಆಗಲೇ ಕಿವಿಗೆ ಬಿದ್ದಿರುತ್ತೆ. ಇಂಗ್ಲಿಷಿನಲ್ಲಿ 'ಸೆಟ್' ಮೊದಲೇ ಬಂದು ಕೂರುತ್ತೆ, ಆಮೇಲೆ ಅದರ ಬಾಲಕ್ಕೆ ಕಾಯಬೇಕು. ಪದವನ್ನು ಒಂಟಿಯಾಗಿ ಕೊಟ್ಟು ವಾಕ್ಯ ಬರೆಸಿದರೆ ಈ ಕಾಯುವ ಅಭ್ಯಾಸ ಬರುವುದಿಲ್ಲ. ಮೇಷ್ಟ್ರು ಒಂದು ವಾಕ್ಯ ಕೇಳುವ ಬದಲು, ಒಂದಕ್ಕೊಂದು ತಾಳೆಯಾಗದ ಐದು ವಾಕ್ಯ ಕೇಳಲಿ. ಗೈಡಿಗೂ ಸ್ವಲ್ಪ ಕೆಲಸವಾಗುತ್ತೆ.

ಆದರೆ "ನಂಗೂ ಅವನಿಗೂ ಸೆಟ್ ಆಗಲ್ಲ" ಅನ್ನೋದು ತಪ್ಪು ಇಂಗ್ಲಿಷ್ ಅನ್ನುವವರ ಜೊತೆ ನನಗೆ ಸೆಟ್ ಆಗಲ್ಲ. ಅದು ನಾವೇ ಕೂಡಿಸಿದ ಅರ್ಥ, ಕನ್ನಡದ್ದು.

ಅದೇ ರಜೆಯಲ್ಲಿ ಹೋಟೆಲಿನಲ್ಲಿ ಮಗಳಿಗೆ ಸೆಟ್ ದೋಸೆ ಹೇಳಿದೆ. ಅವಳಿಗೆ ಗೊತ್ತಿದ್ದದ್ದು ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗಿ ಸೆಟ್ ಆಗುವ ಜೆಲ್ಲಿ. ದೋಸೆ ಬಂತು, ಮೆತ್ತಗೆ, ಒಂದರ ಮೇಲೊಂದು. ಬೆರಳಲ್ಲಿ ಒತ್ತಿ ನೋಡಿ, "ಅಪ್ಪಾ, ಇದಿನ್ನೂ ಸೆಟ್ ಆಗಿಲ್ಲ" ಅಂದಳು. ಸಪ್ಲೈಯರ್ ತಟ್ಟೆಯಲ್ಲಿದ್ದ ದೋಸೆ ಎಣಿಸಿ, "ಆಗಿದೆ ಪಾಪು, ಮೂರಿದೆಯಲ್ಲ" ಅಂದ.