ಮಕ್ಕಳನ್ನು ಸ್ವಲ್ಪ ಹೊತ್ತು ಯಾರೂ ನೋಡದೆ ಬಿಡೋಣ

ಮೊಬೈಲಿನ ದೂರಿಲ್ಲದೆ ನಮ್ಮಲ್ಲಿ ಒಂದು ಪೋಷಕರ ಸಭೆಯೂ ಮುಗಿಯುವುದಿಲ್ಲ. "ಮೇಡಂ, ರಾತ್ರಿ ಹನ್ನೆರಡಾದರೂ ರೀಲ್ಸ್. ಕಿತ್ತುಕೊಂಡರೆ ಊಟ ಬಿಡ್ತಾನೆ. ಎಂತ ಮಾಡುವುದು?" ಉಡುಪಿಯಲ್ಲಿ ಪಿಯು ಮಕ್ಕಳಿಗೆ ಪಾಠ ಮಾಡುವ ನಾನು ಇದನ್ನು ಕೇಳುತ್ತಲೇ ಇದ್ದೇನೆ. ಅವರ ಆತಂಕ ಸುಳ್ಳಲ್ಲ. ಆದರೆ ಮಕ್ಕಳು ಎಷ್ಟು ಗಂಟೆ ಪರದೆ ನೋಡುತ್ತಾರೆ ಎಂದು ಲೆಕ್ಕ ಹಾಕುವ ನಾವು, ಆ ಮಕ್ಕಳನ್ನು ಎಷ್ಟು ಜನ ನೋಡುತ್ತಿದ್ದಾರೆ ಎಂದು ಕೇಳುವುದೇ ಇಲ್ಲ. ನನಗೆ ಹೆಚ್ಚು ಭಯವಿರುವುದು ಆ ವಿಷಯದಲ್ಲಿ.

ಡೇವಿಡ್ ಎಲ್ಕೈಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1967ರಲ್ಲಿ ಹರೆಯದವರ ಒಂದು ಸ್ವಭಾವವನ್ನು ಗುರುತಿಸಿದರು. ಆ ವಯಸ್ಸಿನಲ್ಲಿ ಮಕ್ಕಳಿಗೆ ಸುತ್ತಲಿನವರೆಲ್ಲ ತಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಮುಖದಲ್ಲೊಂದು ಮೊಡವೆ ಎದ್ದರೆ ಇಡೀ ಬಸ್ಸಿಗೆ ಕಾಣುತ್ತಿದೆ ಎಂಬ ಸಂಕಟ. ಎಲ್ಕೈಂಡ್ ಅದನ್ನು ಕಾಲ್ಪನಿಕ ಪ್ರೇಕ್ಷಕವರ್ಗ ಎಂದು ಕರೆದರು. ಕಲ್ಪನೆಯಾದ್ದರಿಂದ ಬೆಳೆಯುತ್ತ ಬಂದಂತೆ ಅದು ತಾನಾಗಿ ಕರಗುತ್ತಿತ್ತು. ಯಾರೂ ಅಷ್ಟೆಲ್ಲ ನೋಡುವುದಿಲ್ಲ ಎಂದು ಒಂದು ದಿನ ಗೊತ್ತಾಗಿ ಮನಸ್ಸು ಹಗುರಾಗುತ್ತಿತ್ತು. ಇವತ್ತಿನ ಹದಿನಾರರ ಹುಡುಗಿಗೆ ಆ ಬಿಡುಗಡೆ ಇಲ್ಲ. ಪ್ರೇಕ್ಷಕರು ನಿಜವಾಗಿಯೂ ಇದ್ದಾರೆ. ಎಷ್ಟು ಮಂದಿ ನೋಡಿದರು, ಎಷ್ಟು ಮಂದಿ ಮೆಚ್ಚಿದರು ಎಂಬ ಲೆಕ್ಕ ಫೋಟೋದ ಕೆಳಗೇ ಬಂದು ಕೂರುತ್ತದೆ.

ಆ ಲೆಕ್ಕ ಮನಸ್ಸಿಗೆ ಏನು ಮಾಡುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್‌ನ ಸಂಶೋಧಕರು 2016ರಲ್ಲಿ ಪರೀಕ್ಷಿಸಿದ್ದರು. ಹರೆಯದ ಮಕ್ಕಳಿಗೆ ಸ್ಕ್ಯಾನರಿನೊಳಗೆ ಫೋಟೋಗಳನ್ನು ತೋರಿಸಿ, ಲೈಕಿನ ಸಂಖ್ಯೆಯನ್ನು ತಾವೇ ಇಟ್ಟರು. ಅದೇ ಫೋಟೋಕ್ಕೆ ಹೆಚ್ಚು ಲೈಕ್ ಕಂಡರೆ ಮಕ್ಕಳೂ ಲೈಕ್ ಒತ್ತುವ ಸಾಧ್ಯತೆ ಹೆಚ್ಚಿತು. ತಮ್ಮದೇ ಫೋಟೋಕ್ಕೆ ಲೈಕ್ ಹೆಚ್ಚು ಕಂಡಾಗ ಮೆದುಳಿನಲ್ಲಿ ಸಂತೋಷ, ಬಹುಮಾನಗಳಿಗೆ ಸ್ಪಂದಿಸುವ ಭಾಗ ಚುರುಕಾಯಿತು. ಸಿಗರೇಟು, ಮದ್ಯದಂಥ ಅಪಾಯದ ಚಿತ್ರಗಳನ್ನು ನೋಡುವಾಗ ಹಿಡಿತಕ್ಕೆ ಸಂಬಂಧಿಸಿದ ಭಾಗಗಳು ಮಂಕಾದವು. ಅದಕ್ಕೂ ಮೊದಲು, 2005ರಲ್ಲಿ, ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ಕಾರು ಓಡಿಸುವ ಒಂದು ಕಂಪ್ಯೂಟರ್ ಆಟ ಆಡಿಸಿದ್ದರು. ಒಬ್ಬರೇ ಆಡುವಾಗ ಹರೆಯದವರಿಗೂ ದೊಡ್ಡವರಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಗೆಳೆಯರು ಪಕ್ಕಕ್ಕೆ ಬಂದು ನಿಂತರೆ ಹರೆಯದವರು ಅಪಾಯಕ್ಕೆ ಕೈಹಾಕುವುದು ಎದ್ದು ಕಾಣುವಷ್ಟು ಹೆಚ್ಚಿತು, ದೊಡ್ಡವರಲ್ಲಿ ಹಾಗಾಗಲಿಲ್ಲ. ಆಷಾಢದ ಕಡಲು ಉಕ್ಕುವಾಗ ನಮ್ಮ ಹುಡುಗರು ಬಂಡೆಯ ತುದಿಗೆ ಹೋಗಿ ವಿಡಿಯೋ ಮಾಡುವುದನ್ನು ಕಂಡು "ಇವಕ್ಕೆ ಬುದ್ಧಿ ಇಲ್ಲ" ಅನ್ನುತ್ತೇವಲ್ಲ, ಬುದ್ಧಿ ಉಂಟು. ಆದರೆ ಗೆಳೆಯರೆಲ್ಲ ಜೇಬಿನೊಳಗೇ ಇದ್ದಾರೆ, ಇಪ್ಪತ್ನಾಲ್ಕು ಗಂಟೆ.

ಹುಡುಗಿಯರ ಪಾಡು ಬೇರೆಯೇ. ಇನ್‌ಸ್ಟಾಗ್ರಾಂ ಕೂಡ ನಡೆಸುವ ಫೇಸ್‌ಬುಕ್ ಕಂಪನಿಯ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹಾಗನ್ 2021ರಲ್ಲಿ ಹೊರಗಿಟ್ಟ ಅದರ ಒಳದಾಖಲೆಗಳಲ್ಲಿ, ತಮ್ಮ ದೇಹದ ಬಗ್ಗೆ ಬೇಸರವಿದ್ದ ಹರೆಯದ ಹುಡುಗಿಯರಲ್ಲಿ ಶೇ. 32ರಷ್ಟು ಮಂದಿ ಇನ್‌ಸ್ಟಾಗ್ರಾಂ ಆ ಬೇಸರವನ್ನು ಹೆಚ್ಚಿಸಿತು ಎಂದಿದ್ದರು. ಕಂಪನಿಗೆ ಗೊತ್ತಿತ್ತು. ಗೊತ್ತಿದ್ದೂ ನಡೆಸಿತು. ಇದನ್ನು ಅದೇ ಕಂಪನಿಯ ಫೇಸ್‌ಬುಕ್ ಗೋಡೆಯ ಮೇಲೆ ಬರೆಯುತ್ತಿದ್ದೇನೆ; ಬರೆಯಲೇಬೇಕು.

ಆದರೆ ಕಂಪನಿಗಳನ್ನು ಬೈದು ಕೈತೊಳೆದುಕೊಳ್ಳಲು ನನ್ನಿಂದಾಗದು. ಮನುಷ್ಯನ ಬೆಲೆ ಅವನ ಹೆಸರಿನ ಪಕ್ಕದ ಅಂಕಿಯಲ್ಲಿದೆ ಎಂದು ಮಕ್ಕಳಿಗೆ ಮೊದಲು ಕಲಿಸಿದ್ದು ಮೊಬೈಲ್ ಅಲ್ಲ. ಕಲಿಸಿದ್ದು ನಾವು, ಈ ಎರಡು ಜಿಲ್ಲೆಯವರು. 2025ರ ದ್ವಿತೀಯ ಪಿಯು ಫಲಿತಾಂಶದಲ್ಲಿ ಉಡುಪಿ ಶೇ. 93.90, ದಕ್ಷಿಣ ಕನ್ನಡ ಶೇ. 93.57. ಮೊದಲೆರಡು ಸ್ಥಾನ ನಮ್ಮಲ್ಲೇ ಅದಲುಬದಲಾಗುತ್ತಿರುತ್ತದೆ, ಅದರ ಹೆಮ್ಮೆ ನನಗೂ ಉಂಟು. ಆದರೆ ಫಲಿತಾಂಶದ ಮರುದಿನ ಪಂಪ್‌ವೆಲ್ಲಿನಿಂದ ಮಣಿಪಾಲದವರೆಗೆ ಹೆದ್ದಾರಿಯ ಪಕ್ಕ ಏಳುವ ಫ್ಲೆಕ್ಸ್‌ಗಳನ್ನು ನೋಡಿ. ಪತ್ರಿಕೆಯ ಪುಟ ತುಂಬ ಪಾಸ್‌ಪೋರ್ಟ್ ಫೋಟೋ, ಒಂದೊಂದರ ಕೆಳಗೆ 597, 596, 595. ಆ ಪುಟದಲ್ಲಿಲ್ಲದ ಮಗು ಏನು ಓದಿಕೊಳ್ಳಬೇಕು? ನಮ್ಮೂರಿನಲ್ಲಿ 600ಕ್ಕೆ 540 ತೆಗೆದ ಹುಡುಗಿ ಸಂಬಂಧಿಕರ ಮದುವೆಗೆ ಬರಲು ಹಿಂಜರಿಯುತ್ತಾಳೆ. ಪುಟದಲ್ಲಿರುವ ಮಗುವಿನದೂ ಸುಖವಲ್ಲ. ಮುಂದಿನ ಸಿಇಟಿ, ನೀಟ್‌ನಲ್ಲಿ ಸ್ವಲ್ಪ ಜಾರಿದರೆ ಊರಿಗೆಲ್ಲ ಗೊತ್ತಿರುವ ಮುಖ ಅದು. ಕೋಚಿಂಗ್ ಸೆಂಟರುಗಳು ಅಭ್ಯರ್ಥಿ ಪಾಸಾದ ಮೇಲೆ ಲಿಖಿತ ಒಪ್ಪಿಗೆ ಪಡೆಯದೆ ಹೆಸರು, ಫೋಟೋ ಬಳಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಮಾರ್ಗಸೂಚಿ ತಂದಿದೆ. ಕಾಲೇಜುಗಳಾದ ನಾವು ಅದೇ ಸಂಕೋಚವನ್ನು ನಾವಾಗಿಯೇ ತೋರಿಸಬಾರದೇ?

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. 2022ರ ಜನವರಿ, ಫೆಬ್ರವರಿ. ಉಡುಪಿ, ಕುಂದಾಪುರದ ಪಿಯು ಕಾಲೇಜುಗಳ ಗೇಟಿನ ಮುಂದೆ ಟಿವಿ ಕ್ಯಾಮೆರಾಗಳು. ಹಿಜಾಬ್ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ. ಅದೇ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೂ ಭಿನ್ನ ತೀರ್ಪು ಕೊಟ್ಟರು. ನಾನು ಕೇಳುವುದು ಇಷ್ಟು: ಹಿಜಾಬ್ ತೊಟ್ಟವಳಿಗೂ ಕೇಸರಿ ಶಾಲು ಹೊದ್ದವನಿಗೂ ಆಗ ಹದಿನಾರೋ ಹದಿನೇಳೋ. ತಾನು ಯಾರು ಎಂದು ಇನ್ನೂ ತಡಕಾಡುವ ವಯಸ್ಸು. ಮೈಕು ಹಿಡಿದು ಅವರ ಹಿಂದೆ ಓಡಿ, "ನೀನು ಇದೇ" ಎಂದು ದೇಶದ ಮುಂದೆ ಮೊಹರು ಒತ್ತಿದವರು ದೊಡ್ಡವರು. ಆ ದೃಶ್ಯಗಳು ಇವತ್ತೂ ಯೂಟ್ಯೂಬಿನಲ್ಲಿ ಸಿಗುತ್ತವೆ. ಹದಿನೇಳರಲ್ಲಿ ಆಡಿದ ಮಾತನ್ನು ಇಪ್ಪತ್ತೈದರಲ್ಲಿ ಬದಲಿಸಿಕೊಳ್ಳುವ ಹಕ್ಕು ನಮಗೆಲ್ಲ ಸಿಕ್ಕಿತ್ತು, ಆ ಮಕ್ಕಳಿಗೆ ಸಿಗಲಿಲ್ಲ.

ಎಲ್ಲ ಮಕ್ಕಳೂ ಹಾಳಾಗಿ ಹೋದರು ಎಂದು ನಾನು ಹೇಳುತ್ತಿಲ್ಲ. ಆಕ್ಸ್‌ಫರ್ಡಿನ ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಪ್ರಿಸ್ಬಿಲ್ಸ್ಕಿ 2019ರಲ್ಲಿ ಲಕ್ಷಾಂತರ ಹರೆಯದವರ ಮಾಹಿತಿ ಜಾಲಾಡಿ, ಡಿಜಿಟಲ್ ಬಳಕೆಗೂ ಮನಸ್ಸಿನ ನೆಮ್ಮದಿಗೂ ಇರುವ ನಂಟು ಸರಾಸರಿಯಲ್ಲಿ ಬಹಳ ಸಣ್ಣದು ಎಂದರು. ನಾನು ಅದನ್ನು ಒಪ್ಪುತ್ತೇನೆ. ತರಗತಿಯಲ್ಲಿ ನನ್ನೆದುರು ಸರಾಸರಿ ಕುಳಿತಿರುವುದಿಲ್ಲ, ಒಬ್ಬೊಬ್ಬರಾಗಿ ಮಕ್ಕಳು ಕುಳಿತಿರುತ್ತಾರೆ. ಅವರಲ್ಲಿ ಇಬ್ಬರೋ ಮೂವರೋ ನಿದ್ದೆಯಿಲ್ಲದ ಕಣ್ಣಿನಲ್ಲಿ ಬರುತ್ತಾರೆ.

ಹಾಗಾದರೆ ಮಕ್ಕಳಿಗೆ ವೇದಿಕೆಯೇ ಬೇಡವೇ? ಖಂಡಿತ ಬೇಕು. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲು ಮಕ್ಕಳಿಗೆ ಯಕ್ಷಗಾನ ಕಲಿಸಿ ರಂಗಕ್ಕೆ ತರುವುದನ್ನು ನೋಡಿದವರಿಗೆ ನನ್ನ ಮಾತು ಅರ್ಥವಾದೀತು. ತಿಂಗಳುಗಟ್ಟಲೆ ತಾಳ, ಹೆಜ್ಜೆ, ಅರ್ಥಗಾರಿಕೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಭೀಮನಾಗಿ ಅಬ್ಬರಿಸುತ್ತಾಳೆ. ಹೆಜ್ಜೆ ತಪ್ಪಿದರೆ ಭಾಗವತರು ಪದವನ್ನು ಇನ್ನೊಮ್ಮೆ ಎತ್ತಿಕೊಂಡು ಕಾಪಾಡುತ್ತಾರೆ. ವೇಷ ಕಟ್ಟುವ ಚೌಕಿಗೆ ಬಂದು ಬಣ್ಣ ತೆಗೆದರೆ ಭೀಮ ಅಲ್ಲಿಗೆ ಮುಗಿದ. ಬೇರೊಬ್ಬರಾಗಿ ನೋಡಿ, ಮತ್ತೆ ತಾನಾಗಿ ಮನೆಗೆ ಹೋಗುವ ಈ ಅವಕಾಶವೇ ಹರೆಯಕ್ಕೆ ಬೇಕಾದದ್ದು. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಹೇಳಿದ ಬಿಡುವಿನ ಕಾಲವೂ ಇದೇ: ಯಾವ ಪಾತ್ರಕ್ಕೂ ಕಟ್ಟುಬೀಳದೆ ಹಲವನ್ನು ತೊಟ್ಟು ನೋಡುವ ವರ್ಷಗಳು. ಈಗ ಮುಂದಿನ ಸಾಲಿನಲ್ಲಿ ನಾವೇ ಮೊಬೈಲ್ ಎತ್ತಿ ಹಿಡಿದು ಕುಳಿತಿರುತ್ತೇವೆ, ತಪ್ಪಿದ ಹೆಜ್ಜೆಯೂ ಕುಟುಂಬದ ಗ್ರೂಪಿಗೆ ಹೋಗುತ್ತದೆ. ದಯವಿಟ್ಟು ಬೇಡ. ಅಭ್ಯಾಸದ ಹೊತ್ತಿಗಂತೂ ಕ್ಯಾಮೆರಾ ಬೇಡವೇ ಬೇಡ.

ಕೈಮೀರಿದೆ ಅನ್ನಿಸಿದ ಪೋಷಕರು ಮೊಬೈಲ್ ಒಡೆಯುವ ಮುಂಚೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ, 14416ಕ್ಕೆ, ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ ಶಟ್ ಕ್ಲಿನಿಕ್ 2014ರಿಂದ ಉಂಟು.

ಮುಂದಿನ ಫಲಿತಾಂಶಕ್ಕೆ ಮೊದಲು ನಮ್ಮ ಅಧ್ಯಾಪಕರ ಸಭೆಯಲ್ಲಿ ಒಂದು ವಿನಂತಿ ಇಡಲಿದ್ದೇನೆ: ಅಂಕ ಮಗುವಿಗೆ ಮತ್ತು ಮನೆಯವರಿಗೆ ಹೋಗಲಿ, ಫ್ಲೆಕ್ಸಿಗೆ ಬೇಡ. ಅಭಿನಂದನೆಯನ್ನು ತರಗತಿಯಲ್ಲಿ ಎಲ್ಲರ ಹೆಸರು ಕರೆದು ಹೇಳೋಣ. ಬೇರೆ ಕಾಲೇಜುಗಳ ಸಹೋದ್ಯೋಗಿಗಳು ಇದನ್ನು ಓದುತ್ತಿದ್ದರೆ ನಿಮ್ಮಲ್ಲೂ ಇಟ್ಟು ನೋಡಿ, ಏನೆಂದರು ಎಂದು ನನಗೂ ತಿಳಿಸಿ.