ಪಕ್ಕದ ಬೀದಿಯ ಹುಡುಗರು, ಮೊದಿಲ್ಯಾನಿಯ ಜೊತೆಗೇ

‘ನಮ್ಮ ಸಮುದಾಯದ ಕಲಾವಿದರ ಚಿತ್ರಪ್ರದರ್ಶನ’ ಅಂದರೆ ಸಾಮಾನ್ಯವಾಗಿ ಏನಿರುತ್ತೆ ಹೇಳಿ? ಅಧ್ಯಕ್ಷರ ಭಾಷಣ, ಶಾಲು, ಹಾರ. ‘ನಮ್ಮವರು’ ಅನ್ನೋ ಒಂದೇ ಅರ್ಹತೆಯ ಮೇಲೆ ಗೋಡೆ ಏರಿದ ಚಿತ್ರಗಳು. ಇಂಥದ್ದನ್ನು ಹೇಗೆ ಮಾಡಬೇಕು ಅಂತ ಯಾರಾದರೂ ಕೇಳಿದರೆ ನಾನು 1914ರ ಲಂಡನ್ನಿನ ಕಡೆ ಕೈ ತೋರಿಸ್ತೀನಿ.

ಆಗ ನಗರದ ಪೂರ್ವಭಾಗದ ವೈಟ್‌ಚಾಪೆಲ್ ಅಂದರೆ ರಷ್ಯಾ, ಪೋಲೆಂಡ್ ಕಡೆಯಿಂದ ಓಡಿಬಂದ ಯಹೂದಿಗಳ ಕೇರಿ. ದರ್ಜಿಗಳು, ಚರ್ಮದ ಕೆಲಸದವರು, ತಳ್ಳುಗಾಡಿಯವರು. ಅಲ್ಲಿನ ಪಾದ್ರಿ ಸ್ಯಾಮ್ಯುಯೆಲ್ ಬಾರ್ನೆಟ್ ಮತ್ತು ಹೆಂಡತಿ ಹೆನ್ರಿಯೆಟಾ ಮೊದಲು ಶಾಲೆಯ ಕೋಣೆಗಳಲ್ಲೇ ಚಿತ್ರ ತೂಗುಹಾಕಿ ತೋರಿಸ್ತಿದ್ದರು. ಆ ಹುಚ್ಚೇ ಬೆಳೆದು 1901ರಲ್ಲಿ ವೈಟ್‌ಚಾಪೆಲ್ ಗ್ಯಾಲರಿ ಆಯ್ತು. ಪಕ್ಕದಲ್ಲೇ ಸಾರ್ವಜನಿಕ ಗ್ರಂಥಾಲಯ. ಮನೆಯಲ್ಲಿ ಕಾಲು ಚಾಚಲೂ ಜಾಗ ಇಲ್ಲದ ಹುಡುಗರು ಬೆಚ್ಚಗಿರುತ್ತೆ ಅಂತಲೇ ಒಳಗೆ ಬಂದು ಕೂತಿದ್ದರೂ ಆಶ್ಚರ್ಯವಿಲ್ಲ.

ಆ ಹುಡುಗರಲ್ಲಿ ಡೇವಿಡ್ ಬಾಂಬರ್ಗ್, ಮಾರ್ಕ್ ಗರ್ಟ್ಲರ್, ಐಸಾಕ್ ರೋಸೆನ್‌ಬರ್ಗ್ ಇದ್ದರು. ಮೂವರೂ ಲಂಡನ್ನಿನ ಸ್ಲೇಡ್ ಕಲಾಶಾಲೆಗೆ ಹೋದರು. ಫೀಸು ಕಟ್ಟೋ ಶಕ್ತಿ ಮನೆಯವರಿಗೆ ಇರಲಿಲ್ಲ. ಸಮುದಾಯದ ಉಳ್ಳವರು ಕೈ ಹಿಡಿದರು. ಇದನ್ನು ಒತ್ತಿ ಹೇಳ್ತೀನಿ, ಯಾಕಂದ್ರೆ ಪ್ರದರ್ಶನದ ದಿನ ದೀಪ ಹಚ್ಚೋಕೆ ಎಲ್ಲರೂ ಬರ್ತಾರೆ, ಫೀಸು ಕಟ್ಟೋಕೆ ಬರೋರು ಕಮ್ಮಿ.

1914ರ ಬೇಸಿಗೆಯಲ್ಲಿ ಗ್ಯಾಲರಿ ಇಪ್ಪತ್ತನೇ ಶತಮಾನದ ಕಲೆಯ ಬಗ್ಗೆ ದೊಡ್ಡ ಪ್ರದರ್ಶನ ಮಾಡಿತು. ಅದರಲ್ಲಿ ಯಹೂದಿ ಕಲಾವಿದರಿಗೇ ಒಂದು ಕೋಣೆ. ಅದನ್ನು ಜೋಡಿಸೋ ಕೆಲಸ ಬಾಂಬರ್ಗ್‌ಗೆ ಕೊಟ್ಟರು. ವಯಸ್ಸು 23! ಅವನು ಶಿಲ್ಪಿ ಜೇಕಬ್ ಎಪ್‌ಸ್ಟೀನ್ ಜೊತೆ ಪ್ಯಾರಿಸ್ಸಿಗೆ ಹೋಗಿ ಅಲ್ಲಿನವರ ಕೃತಿಗಳನ್ನು ಹುಡುಕಿ ತಂದ. ಹಾಗಾಗಿ ಕೇರಿಯ ಹುಡುಗರ ಚಿತ್ರಗಳಿದ್ದ ಕೋಣೆಯಲ್ಲೇ, ಪ್ಯಾರಿಸ್ಸಿನಲ್ಲಿದ್ದ, ಆಮೇಲೆ ಜಗತ್ಪ್ರಸಿದ್ಧನಾದ ಇಟಲಿಯ ಯಹೂದಿ ಕಲಾವಿದ ಮೊದಿಲ್ಯಾನಿಯ ಕೃತಿಗಳೂ ಇದ್ದವು. ‘ಪಾಪ, ನಮ್ಮ ಹುಡುಗರು’ ಅಂತ ಯಾರೂ ರಿಯಾಯಿತಿ ಕೊಡೋ ಹಾಗಿರಲಿಲ್ಲ.

ಪ್ರತ್ಯೇಕ ಕೋಣೆ ಅಂದರೆ ಕಲೆಯಲ್ಲೂ ಕೇರಿ ಕಟ್ಟಿದ ಹಾಗಲ್ವಾ ಅಂತ ಕೇಳೋರಿದ್ದಾರೆ. ಪ್ರಶ್ನೆ ಸರಿಯಾಗೇ ಇದೆ. ಆದರೆ ಕೋಣೆಗೆ ಯಾರ ಹೆಸರಿಟ್ಟಿದ್ದಾರೆ ಅನ್ನೋದಕ್ಕಿಂತ ಒಳಗೆ ಏನು ತೂಗುಹಾಕಿದ್ದಾರೆ ಅನ್ನೋದೇ ನನಗೆ ಮುಖ್ಯ. ಕ್ಯಾಂಡಲ್, ಗಡ್ಡ, ಪ್ರಾರ್ಥನೆ ಮಾತ್ರ ಬರೀರಿ ಅಂತ ಹೇಳಿದ್ದರೆ ಅದು ಕೇರಿಯೇ. ಅದೇ ವರ್ಷ ಬಾಂಬರ್ಗ್ ಬರೆದ ‘ದ ಮಡ್ ಬಾತ್’ ನೋಡಿ. ಬ್ರಿಕ್ ಲೇನ್‌ನಲ್ಲಿ ಯಹೂದಿಗಳು ಹೋಗ್ತಿದ್ದ ಹಬೆ ಸ್ನಾನದ ಮನೆ ಅದರ ಮೂಲ. ಚಿತ್ರದಲ್ಲಿ ಹಬೆಯೂ ಇಲ್ಲ, ಮುಖಗಳೂ ಇಲ್ಲ. ಕಣ್ಣಿಗೆ ರಾಚೋ ಕೆಂಪು, ನಡುವೆ ಒಂದು ಕಪ್ಪನೆ ಕಂಬ, ಸುತ್ತ ನೀಲಿ ಬಿಳಿ ಬಣ್ಣದ ಮೈಗಳು ಕೋನಕೋನವಾಗಿ ಮುರಿದು ನೆಗೆಯುತ್ತಿವೆ. ಅಲ್ಲಿ ವಾರವಾರ ಸ್ನಾನ ಮಾಡಿದವನಿಗೂ ಇದು ತನ್ನದೇ ಜಾಗ ಅಂತ ಗುರುತು ಸಿಗ್ತಿತ್ತೋ ಇಲ್ಲವೋ.

(ಈ ಬಳಗಕ್ಕೆ ಆಮೇಲೆ ‘ವೈಟ್‌ಚಾಪೆಲ್ ಬಾಯ್ಸ್’ ಅಂತ ಹೆಸರು ಬಿತ್ತು. ಕ್ಲಾರಾ ಬರ್ನ್‌ಬರ್ಗ್ ಅನ್ನೋ ಹೆಣ್ಣುಮಗಳೂ ಅದರಲ್ಲಿದ್ದಳು. ಪಾಪ, ಅವಳೂ ಬಾಯ್ಸೇ!)

ಮುಂದಿನದು ಸುಖದ ಕಥೆಯಲ್ಲ. ರೋಸೆನ್‌ಬರ್ಗ್ 1918ರ ಏಪ್ರಿಲ್ 1ರಂದು ಫ್ರಾನ್ಸಿನ ಯುದ್ಧಭೂಮಿಯಲ್ಲಿ ಸತ್ತ. ಗರ್ಟ್ಲರ್ 1939ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಬಾಂಬರ್ಗ್ 1957ರಲ್ಲಿ ತೀರಿಕೊಂಡಾಗ ಹೆಚ್ಚುಕಡಿಮೆ ಎಲ್ಲರೂ ಅವನನ್ನು ಮರೆತಿದ್ದರು.

ಮರೆಯದೆ ಕಾಪಾಡಿದವರಲ್ಲಿ ‘ಬೆನ್ ಯೂರಿ’ ಒಂದು. 1915ರಲ್ಲಿ ಅದೇ ವೈಟ್‌ಚಾಪೆಲ್‌ನಲ್ಲಿ ಯಹೂದಿ ವಲಸಿಗರು ಕಟ್ಟಿಕೊಂಡ ಕಲಾಸಂಘ. ಬಾಂಬರ್ಗ್‌ನ 1920ರ ‘ಘೆಟ್ಟೋ ಥಿಯೇಟರ್’ ಈಗಲೂ ಅವರ ಬಳಿ ಇದೆ. ಯಿಡ್ಡಿಶ್ (ಪೂರ್ವ ಯುರೋಪಿನ ಯಹೂದಿಗಳ ಮನೆಮಾತು) ನಾಟಕ ನೋಡೋಕೆ ಬಂದವರ ಚಿತ್ರ. ರಂಗದ ಮೇಲೆ ಏನು ನಡೀತಿದೆ ಅಂತ ನಮಗೆ ತೋರಿಸೋದೇ ಇಲ್ಲ. ಅಡ್ಡಕಂಬಿಯ ಹಿಂದೆ ಬೆನ್ನು ಬಾಗಿಸಿ ಕೂತ, ದುಡಿದು ದಣಿದ ಜನ ಮಾತ್ರ. ಸಮುದಾಯವನ್ನು ಹೊಗಳೋ ಚಿತ್ರ ಖಂಡಿತ ಅಲ್ಲ, ಆದರೂ ಇಟ್ಟುಕೊಂಡಿದ್ದಾರೆ.

ಬೆನ್ ಯೂರಿ ಈಗ ಯಹೂದಿಗಳಷ್ಟೇ ಅಲ್ಲ, ಬ್ರಿಟನ್ನಿಗೆ ಬಂದ ಎಲ್ಲ ವಲಸಿಗ ಕಲಾವಿದರ ಕೆಲಸವನ್ನೂ ನೋಡಿಕೊಳ್ಳುತ್ತೆ. ಒಳ್ಳೇದೇ. ನನ್ನ ತಕರಾರು ಒಂದೇ: ಗರ್ಟ್ಲರ್‌ನ ‘ಮೆರ್ರಿ-ಗೋ-ರೌಂಡ್’ ಅನ್ನೋ ಹೆಸರಾಂತ ಚಿತ್ರ ಅವರ ಹತ್ತಿರವೇ ಇತ್ತು, 1984ರಲ್ಲಿ ಲಂಡನ್ನಿನ ದೊಡ್ಡ ಕಲಾಸಂಗ್ರಹಾಲಯ ಟೇಟ್ ಗ್ಯಾಲರಿಗೆ ಮಾರಿಬಿಟ್ಟರು. ಟೇಟ್‌ನಲ್ಲಿ ಹೆಚ್ಚು ಜನ ನೋಡ್ತಾರೆ ನಿಜ. ಚಿಕ್ಕ ಸಂಸ್ಥೆಗೆ ದುಡ್ಡೂ ಬೇಕು, ಒಪ್ಪಿದೆ. ಆದರೂ ಅದನ್ನು ಮಾರಬಾರದಿತ್ತು ಅಂತಲೇ ನಾನು ಹೇಳೋದು.