ನಮ್ಮದೇ ಕಂಪ್ಯೂಟರಿನಿಂದ ಬೇಡದ ತಂತ್ರಾಂಶವನ್ನು ತೆಗೆಯಲು ಇಷ್ಟು ಪಡಿಪಾಟಲೇಕೆ?

ಹಣ ಕೊಟ್ಟು ಕೊಂಡ ಲ್ಯಾಪ್‌ಟಾಪಿನಿಂದ ಬೇಡವಾದ ತಂತ್ರಾಂಶವೊಂದನ್ನು ತೆಗೆಯಬೇಕಾದರೆ ಅದಕ್ಕಾಗಿ ಇನ್ನೊಂದು ತಂತ್ರಾಂಶವನ್ನು ಹುಡುಕಬೇಕು. ಅದನ್ನು ಹುಡುಕಲು ಹೊರಟರೆ ಮೂರನೆಯದೊಂದು ಯಾರನ್ನೂ ಕೇಳದೆ ಒಳಗೆ ಬಂದು ಕೂರುತ್ತದೆ. ಈ ಸ್ಥಿತಿಯನ್ನು ಸಹಜವೆಂದು ಒಪ್ಪಿಕೊಳ್ಳುವುದು ನನ್ನಿಂದ ಸಾಧ್ಯವಿಲ್ಲ. ಕಂಪ್ಯೂಟರ್ ಬಲ್ಲವರು ಇದನ್ನು ಕೇಳಿ ನಗಬಹುದು. ಆದರೆ ಹಳ್ಳಿಯ ಶಾಲೆಯ ಶಿಕ್ಷಕರು, ಸಣ್ಣ ಅಂಗಡಿಯವರು, ನಿವೃತ್ತರು, ಹೀಗೆ ಲಕ್ಷಾಂತರ ಜನ ತಮಗೆ ಬೇಡದ ತಂತ್ರಾಂಶಗಳ ಕಾಟವನ್ನು ಬೇರೆ ದಾರಿಯಿಲ್ಲವೆಂದು ದಿನವೂ ಸಹಿಸುತ್ತಿದ್ದಾರೆ.

ನಮ್ಮ ಮನೆಗೆ ತಂದ ಲ್ಯಾಪ್‌ಟಾಪಿನಲ್ಲಿ ಮೊದಲೇ ಒಂದು ಆಂಟಿವೈರಸ್ಸಿನ ಪ್ರಾಯೋಗಿಕ ಆವೃತ್ತಿ ಇತ್ತು. ಅದನ್ನು ನಾವು ಕೇಳಿರಲಿಲ್ಲ, ಅಂಗಡಿಯವರೂ ಹೇಳಿರಲಿಲ್ಲ. ಉಚಿತ ಅವಧಿ ಮುಗಿದ ಮೇಲೆ ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂಬ ಕೆಂಪು ಎಚ್ಚರಿಕೆ ಬಂದು ಬಂದು ಹೋಗತೊಡಗಿತು. ವಿಂಡೋಸಿನಲ್ಲೇ ಡಿಫೆಂಡರ್ ಎಂಬ ರಕ್ಷಣೆಯಿದೆ, ಅದಕ್ಕೆ ಬಿಡಿಗಾಸೂ ಕೊಡಬೇಕಾಗಿಲ್ಲ ಎಂಬುದನ್ನು ಆ ಎಚ್ಚರಿಕೆ ಎಲ್ಲಿಯೂ ಹೇಳುವುದಿಲ್ಲ. ತೆಗೆಯಲು ಹೋದರೆ ನಿಜವಾಗಿಯೂ ತೆಗೆಯಬೇಕೇ ಎಂಬ ಪ್ರಶ್ನೆ, ಆಮೇಲೆ ರಿಯಾಯಿತಿಯ ಆಮಿಷ, ಆಮೇಲೆ ಕಾರಣ ಕೇಳುವ ಪಟ್ಟಿ, ಕೊನೆಗೆ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ ಎಂಬ ಸೂಚನೆ. ಎಲ್ಲವನ್ನೂ ಪಾಲಿಸಿದ ಮೇಲೂ ಅದರ ಸೇವೆಗಳು, ಅಂದರೆ ಕಣ್ಣಿಗೆ ಕಾಣದೆ ಕೆಲಸ ಮಾಡುವ ಅದರ ಭಾಗಗಳು, ಹಿನ್ನೆಲೆಯಲ್ಲಿ ಓಡುತ್ತಲೇ ಇದ್ದವು. ಅದರ ಫೋಲ್ಡರನ್ನು ಅಳಿಸಲು ಹೋದಾಗ ನಿಮಗೆ ಅನುಮತಿಯಿಲ್ಲ ಎಂಬ ಉತ್ತರ ಬಂತು. ಕಂಪ್ಯೂಟರಿನ ಅಡ್ಮಿನಿಸ್ಟ್ರೇಟರ್ ಖಾತೆ ನನ್ನದು, ಬಿಲ್ಲು ನನ್ನ ಹೆಸರಿನಲ್ಲಿದೆ, ಅನುಮತಿ ಮಾತ್ರ ನನಗಿಲ್ಲ.

ಇದು ಹೀಗೇಕೆ ಎಂದು ಹುಡುಕಿ ಓದಿದಾಗ ನನ್ನ ಸಿಟ್ಟು ಇಳಿಯಲಿಲ್ಲ, ಏರಿತು. ವಿಂಡೋಸಿನಲ್ಲಿ ನಾವು ‘ಅನ್‌ಇನ್‌ಸ್ಟಾಲ್’ ಒತ್ತಿದಾಗ ಬಹುಪಾಲು ಸಂದರ್ಭಗಳಲ್ಲಿ ತೆಗೆಯುವ ಕೆಲಸವನ್ನು ವಿಂಡೋಸ್ ಮಾಡುವುದಿಲ್ಲ. ವಿಂಡೋಸ್ ತನ್ನ ಮತ್ತು ತಂತ್ರಾಂಶಗಳ ವಿವರಗಳನ್ನು ಬರೆದಿಡುವ ರಿಜಿಸ್ಟ್ರಿ ಎಂಬ ದಾಖಲೆಯಲ್ಲಿ ಆ ತಂತ್ರಾಂಶದ ಹೆಸರಿನಲ್ಲಿ ಬರೆದಿಟ್ಟ ಒಂದು ಆದೇಶದ ಸಾಲನ್ನು ಅದು ಓದಿ, ಆ ತಂತ್ರಾಂಶದ ತಯಾರಕರೇ ಬರೆದ ಅನ್‌ಇನ್‌ಸ್ಟಾಲರನ್ನು ಓಡಿಸುತ್ತದೆ, ಅಷ್ಟೇ. ಏನನ್ನು ತೆಗೆಯಬೇಕು, ಏನನ್ನು ಉಳಿಸಬೇಕು, ಹೋಗುವ ಮುನ್ನ ಎಷ್ಟು ಸಲ ಗೋಗರೆಯಬೇಕು ಎಂಬುದೆಲ್ಲವೂ ತಯಾರಕರ ಇಚ್ಛೆಗೆ ಬಿಟ್ಟದ್ದು. ಮನೆ ಖಾಲಿ ಮಾಡಿಸುವ ಅಧಿಕಾರವನ್ನು ಬಾಡಿಗೆದಾರನ ಕೈಗೇ ಕೊಟ್ಟ ಏರ್ಪಾಡು ಇದು. ವಿಂಡೋಸ್ ಇನ್‌ಸ್ಟಾಲರ್ ಎಂಬ ಇನ್ನೊಂದು ವ್ಯವಸ್ಥೆಯ ಮೂಲಕ ಬಂದ ತಂತ್ರಾಂಶಗಳ ಕಥೆ ಬೇರೆ. ಅವನ್ನು ತೆಗೆಯಲು ಬೇಕಾದ ಮೂಲ ಪ್ಯಾಕೇಜು ವಿಂಡೋಸ್ ಫೋಲ್ಡರಿನೊಳಗೆ ‘ಇನ್‌ಸ್ಟಾಲರ್’ ಎಂಬ ಅಡಗಿಸಿಟ್ಟ ಫೋಲ್ಡರಿನಲ್ಲಿರುತ್ತದೆ. ಡಿಸ್ಕಿನಲ್ಲಿ ಜಾಗ ಉಳಿಸಲೆಂದು ಯಾರದೋ ಸಲಹೆ ಕೇಳಿ ಅದನ್ನು ಅಳಿಸಿದವರಿಗೆ ತಂತ್ರಾಂಶವನ್ನು ತೆಗೆಯಲೂ ಆಗದು, ಹೊಸ ಆವೃತ್ತಿ ಹಾಕಲೂ ಆಗದು. ‘ಸೇಫ್ ಮೋಡಿನಲ್ಲಿ ತೆಗೆಯಿರಿ’ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಆದರೆ ಅತ್ಯಗತ್ಯ ಭಾಗಗಳನ್ನಷ್ಟೇ ಓಡಿಸುವ ಆ ಸೇಫ್ ಮೋಡಿನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಸೇವೆ ತಾನಾಗಿ ಓಡುವುದೇ ಇಲ್ಲ, ಹಾಗಾಗಿ ಅದರ ಮೂಲಕ ಬಂದ ತಂತ್ರಾಂಶಗಳು ಅಲ್ಲಿ ಅಲುಗುವುದಿಲ್ಲ. ಇದನ್ನು ಸಲಹೆ ಕೊಡುವವರಲ್ಲಿ ಎಷ್ಟು ಜನ ಹೇಳುತ್ತಾರೆ?

ಆಂಟಿವೈರಸ್ ತನ್ನನ್ನು ತಾನು ಕಾಪಾಡಿಕೊಳ್ಳುವುದಕ್ಕೆ ನ್ಯಾಯವಾದ ಕಾರಣವಿದೆ ಎಂಬುದನ್ನು ಒಪ್ಪುತ್ತೇನೆ. ದುಷ್ಟ ತಂತ್ರಾಂಶವೊಂದು ಬಂದು ಅದನ್ನೇ ಮೊದಲು ಕೊಲ್ಲದಂತೆ ಅದು ವ್ಯವಸ್ಥೆಯ ತಳದಲ್ಲಿ ಡ್ರೈವರುಗಳೆಂಬ ತನ್ನ ಭಾಗಗಳನ್ನು ಇಟ್ಟುಕೊಳ್ಳುತ್ತದೆ. ಆದರೆ ಕಳ್ಳನಿಂದ ಕಾಯುವ ಬೇಲಿ ಯಜಮಾನನ ಮಾತಿಗೂ ಬಾಗದಿದ್ದರೆ ಅದನ್ನು ರಕ್ಷಣೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನು ಉಚಿತವಾಗಿ ತೆಗೆಯುವ ಸಾಧನವನ್ನು ಹುಡುಕುವ ಕೆಲಸ. ಅಂತರಜಾಲದಲ್ಲಿ ಹುಡುಕಿದರೆ ಮೊದಲು ಸಿಗುವುದು ಜಾಹೀರಾತುಗಳು. ಅವುಗಳ ಕೆಳಗಿನ ಪುಟಗಳನ್ನು ತೆರೆದರೆ ಹಸಿರು ಬಣ್ಣದ ದೊಡ್ಡ ದೊಡ್ಡ ಡೌನ್‌ಲೋಡ್ ಗುಂಡಿಗಳು; ಅವುಗಳಲ್ಲಿ ಯಾವುದು ನಿಜವಾದ ಗುಂಡಿ, ಯಾವುದು ಜಾಹೀರಾತು ಎಂದು ತಿಳಿಯಲು ಅನುಭವ ಬೇಕು. ‘ಉಚಿತ’ ಎಂದು ಹೇಳಿಕೊಳ್ಳುವ ಅನೇಕ ಸಾಧನಗಳಲ್ಲಿ ಹುಡುಕುವುದಷ್ಟೇ ಉಚಿತ. ಅವು ಕಂಪ್ಯೂಟರನ್ನೆಲ್ಲ ಜಾಲಾಡಿ, ಸಾವಿರಾರು ದೋಷಗಳಿವೆ ಎಂದು ಕೆಂಪಕ್ಷರದಲ್ಲಿ ತೋರಿಸಿ, ಸರಿಪಡಿಸಬೇಕಾದರೆ ಹಣ ಕಟ್ಟಿ ಎನ್ನುತ್ತವೆ. ಆ ದೋಷಗಳಲ್ಲಿ ಹೆಚ್ಚಿನವು ರಿಜಿಸ್ಟ್ರಿಯಲ್ಲಿ ಉಳಿದುಹೋದ ನಿರುಪದ್ರವಿ ಸಾಲುಗಳು. ಅವುಗಳಿಂದ ಯಾರ ಕಂಪ್ಯೂಟರೂ ನಿಧಾನವಾಗುವುದಿಲ್ಲ. ರಿಜಿಸ್ಟ್ರಿ ಶುದ್ಧಿ ಮಾಡುವ ಇಂಥ ಸಾಧನಗಳನ್ನು ತಾನು ಬೆಂಬಲಿಸುವುದಿಲ್ಲವೆಂದು ಮೈಕ್ರೋಸಾಫ್ಟ್ ಹೇಳಿದೆ. ಇನ್‌ಸ್ಟಾಲ್ ಮಾಡುವಾಗ ಮೊದಲೇ ಗುರುತು ಹಾಕಿಟ್ಟ ಚೌಕಗಳು ಬೇರೆ. ಅವುಗಳನ್ನು ಗಮನಿಸಿ ಗುರುತು ತೆಗೆಯದಿದ್ದರೆ ಹೊಸ ಬ್ರೌಸರೋ ಇನ್ನೊಂದು ಆಂಟಿವೈರಸ್ಸೋ ಜೊತೆಗೇ ಬರುತ್ತದೆ.

ಇದನ್ನು ಬಳಕೆದಾರನ ಅಜಾಗರೂಕತೆ ಎಂದು ತಳ್ಳಿಹಾಕುವವರು ಹಿಂದಿನ ಘಟನೆಗಳನ್ನು ನೆನಪಿಸಿಕೊಳ್ಳಬೇಕು. ಮುಕ್ತ ತಂತ್ರಾಂಶಗಳ ನೆಲೆಯೆಂದು ಜನ ನಂಬಿದ್ದ ಸೋರ್ಸ್‌ಫೋರ್ಜ್ ತಾಣ 2015ರಲ್ಲಿ ಗಿಂಪ್ ಎಂಬ ಚಿತ್ರ ಸಂಪಾದನೆಯ ತಂತ್ರಾಂಶಕ್ಕೆ ಜಾಹೀರಾತಿನ ಹೊದಿಕೆ ಹಾಕಿ ಹಂಚಿದ್ದು ದೊಡ್ಡ ವಿವಾದವಾಯಿತು. ಕಂಪ್ಯೂಟರ್ ಶುದ್ಧಿಗೆಂದು ಜಗತ್ತೆಲ್ಲ ಬಳಸುತ್ತಿದ್ದ ಸಿಕ್ಲೀನರಿನ 5.33 ಆವೃತ್ತಿಯೊಳಗೇ ದಾಳಿಕೋರರು ವಿಷ ಸೇರಿಸಿದ್ದು 2017ರಲ್ಲಿ ಬಯಲಾಯಿತು. ಅದು ತಯಾರಕರ ಅಧಿಕೃತ ತಾಣದಿಂದಲೇ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ತಲುಪಿತ್ತು. ಎಚ್ಚರದಿಂದ ಅಧಿಕೃತ ತಾಣಕ್ಕೇ ಹೋದವರು ಅದರಲ್ಲಿ ಮೋಸಹೋದರು. 2015ರಲ್ಲೇ ಲೆನೊವೊ ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಮೊದಲೇ ಸೇರಿಕೊಂಡಿದ್ದುದು ಬೆಳಕಿಗೆ ಬಂತು. ಅದನ್ನು ಅನ್‌ಇನ್‌ಸ್ಟಾಲ್ ಮಾಡಿದರೂ ಅದು ನೆಟ್ಟಿದ್ದ, ಜಾಲತಾಣ ಅಸಲಿಯೆಂದು ಕಂಪ್ಯೂಟರಿಗೆ ಖಾತ್ರಿಪಡಿಸುವ ಮೂಲ ಪ್ರಮಾಣಪತ್ರ ಕಂಪ್ಯೂಟರಿನಲ್ಲೇ ಉಳಿಯುತ್ತಿತ್ತು. ಬ್ಯಾಂಕಿನ ಪುಟವನ್ನೂ ನಕಲಿಯಾಗಿ ತೋರಿಸಲು ದಾರಿಮಾಡಿಕೊಡುವಂಥ ಪ್ರಮಾಣಪತ್ರ ಅದು. ಪಟ್ಟಿಯಿಂದ ಹೆಸರು ಹೋದ ಮಾತ್ರಕ್ಕೆ ತಂತ್ರಾಂಶ ಹೋಯಿತೆಂದು ನಂಬಿದ ಜನರ ತಪ್ಪು ಇದರಲ್ಲಿ ಏನಿದೆ?

ನಂಬಬಹುದಾದ ಉಚಿತ ಸಾಧನಗಳೇ ಇಲ್ಲವೆಂದಲ್ಲ. ಇನ್‌ಸ್ಟಾಲ್ ಮತ್ತು ಅನ್‌ಇನ್‌ಸ್ಟಾಲ್ ತೊಂದರೆಗಳಿಗೆಂದೇ ಮೈಕ್ರೋಸಾಫ್ಟಿನ ಒಂದು ಚಿಕ್ಕ ಸಾಧನವಿದೆ. ಕೆಟ್ಟುಹೋದ ರಿಜಿಸ್ಟ್ರಿ ದಾಖಲೆಗಳಿಂದ ತೆಗೆಯಲಾಗದೆ ಉಳಿದ ತಂತ್ರಾಂಶಗಳಿಗೆ ಮೊದಲು ಪ್ರಯೋಗಿಸಬೇಕಾದದ್ದು ಅದು. ರೆವೊ ಅನ್‌ಇನ್‌ಸ್ಟಾಲರಿನ ಉಚಿತ ಆವೃತ್ತಿ, ಇನ್‌ಸ್ಟಾಲ್ ಮಾಡುವ ಅಗತ್ಯವೇ ಇಲ್ಲದ ಗೀಕ್ ಅನ್‌ಇನ್‌ಸ್ಟಾಲರ್, ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಯಾರು ಬೇಕಾದರೂ ಓದಬಹುದಾದ ಬಲ್ಕ್ ಕ್ರ್ಯಾಪ್ ಅನ್‌ಇನ್‌ಸ್ಟಾಲರ್, ಇವು ತಯಾರಕರ ಅನ್‌ಇನ್‌ಸ್ಟಾಲರನ್ನು ಓಡಿಸಿದ ನಂತರ ಉಳಿದ ಕಡತಗಳನ್ನೂ ರಿಜಿಸ್ಟ್ರಿಯ ಸಾಲುಗಳನ್ನೂ ಹುಡುಕಿ ತೆಗೆಯುತ್ತವೆ. ಜಾಹೀರಾತು ತಂತ್ರಾಂಶಗಳಿಗೆ ಮಾಲ್‌ವೇರ್‌ಬೈಟ್ಸಿನ ಆಡ್‌ಡಬ್ಲ್ಯುಕ್ಲೀನರ್ ಉಚಿತವಾಗಿ ಸಿಗುತ್ತದೆ. ಇವೆಲ್ಲವನ್ನೂ ಅವುಗಳ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಬೇಕು, ಓಡಿಸುವ ಮುನ್ನ, ಏನಾದರೂ ಕೆಟ್ಟರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸಲು ನೆರವಾಗುವ ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳಬೇಕು.

ಆದರೆ ಆಂಟಿವೈರಸ್ಸಿನ ವಿಷಯದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿದ್ದು ಬೇರೆ. ಮ್ಯಾಕಫೀ, ಅವಾಸ್ಟ್, ನಾರ್ಟನ್ ಮೊದಲಾದ ಅನೇಕ ತಯಾರಕರ ಬಳಿ ತಮ್ಮ ತಂತ್ರಾಂಶವನ್ನು ತೆಗೆಯಲೆಂದೇ ಪ್ರತ್ಯೇಕ ಉಚಿತ ಸಾಧನವಿದೆ. ಅಂದರೆ ಮಾಮೂಲಿ ಅನ್‌ಇನ್‌ಸ್ಟಾಲರ್ ಎಷ್ಟೋ ಕಡೆ ಕೈಕೊಡುತ್ತದೆ ಎಂಬುದು ಈ ಉದ್ಯಮಕ್ಕೆ ಚೆನ್ನಾಗಿ ಗೊತ್ತಿದೆ. ನನಗೆ ಬೇಕಾಗಿದ್ದ ಸಾಧನವೂ ಇತ್ತು, ಕೊನೆಗೆ ಕೆಲಸವನ್ನು ಮುಗಿಸಿದ್ದೂ ಅದೇ. ಆದರೆ ಅದು ಸಿಕ್ಕಿದ್ದು ಸಹಾಯ ಪುಟಗಳ ಒಳಗಿನ ಒಳಗೆ. ಹಣ ಕಟ್ಟುವ ಗುಂಡಿಯನ್ನು ದಿನವೂ ಕಣ್ಣಿನ ಮುಂದೆ ತಂದು ನಿಲ್ಲಿಸುವವರಿಗೆ ಈ ಸಾಧನದ ಕೊಂಡಿಯನ್ನು ಅನ್‌ಇನ್‌ಸ್ಟಾಲರಿನ ಕೊನೆಯ ಪರದೆಯಲ್ಲಿ ಹಾಕುವುದು ಕಷ್ಟವೇ?

ಇಷ್ಟೆಲ್ಲ ಹುಡುಕಲಾರದವರು ಊರಿನ ಕಂಪ್ಯೂಟರ್ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಸಾಮಾನ್ಯವಾಗಿ ಸಿಗುವ ಪರಿಹಾರ ಫಾರ್ಮ್ಯಾಟ್, ಅಂದರೆ ಡಿಸ್ಕನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಅದಕ್ಕೆ ದುಡ್ಡು ಕೊಡಬೇಕು, ಕನ್ನಡ ಬರೆಯುವ ‘ನುಡಿ’ ತಂತ್ರಾಂಶದಿಂದ ಹಿಡಿದು ಪ್ರಿಂಟರಿನ ಡ್ರೈವರಿನವರೆಗೆ ಎಲ್ಲವನ್ನೂ ಮತ್ತೆ ಹಾಕಿಸಬೇಕು, ನಕಲು ಮಾಡಿಟ್ಟುಕೊಳ್ಳದ ಫೋಟೋ ಮತ್ತು ಬರಹಗಳನ್ನು ಕಳೆದುಕೊಳ್ಳಬೇಕು. ಲ್ಯಾಪ್‌ಟಾಪ್ ತಯಾರಕರೇ ಡಿಸ್ಕಿನಲ್ಲಿ ಇಟ್ಟ ರಿಕವರಿ ವಿಭಾಗದಿಂದ ವಿಂಡೋಸನ್ನು ಮರಳಿ ಹಾಕಿದರಂತೂ ಕಾಟ ಕೊಟ್ಟ ಅದೇ ಪ್ರಾಯೋಗಿಕ ಆವೃತ್ತಿ ಸಾಮಾನ್ಯವಾಗಿ ಅದರ ಜೊತೆಯಲ್ಲೇ ಮರಳಿ ಬರುತ್ತದೆ.

ಮನಸ್ಸು ಮಾಡಿದರೆ ಇದನ್ನು ಸರಿಪಡಿಸಬಹುದು ಎಂಬುದಕ್ಕೆ ಸಾಕ್ಷಿಯೂ ಇದೆ. ಯುರೋಪಿನಲ್ಲಿ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಒತ್ತಡಕ್ಕೆ ಮಣಿದು 2024ರಲ್ಲಿ ಮೈಕ್ರೋಸಾಫ್ಟ್ ತನ್ನ ಎಡ್ಜ್ ಬ್ರೌಸರನ್ನೂ ಅಲ್ಲಿನ ಬಳಕೆದಾರರು ತೆಗೆಯಬಹುದಾದಂತೆ ಮಾಡಿತು. ಕಾನೂನು ಕೇಳಿದ್ದರಿಂದ ಅಲ್ಲಿ ಅದು ಸಾಧ್ಯವಾಯಿತು. ನಮ್ಮಲ್ಲಿಯೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಪಟ್ಟಿ ಮಾಡಿ ಮಾರ್ಗಸೂಚಿ ಹೊರಡಿಸಿದೆ. ವೇಷ ಮರೆಸಿದ ಜಾಹೀರಾತು, ಬಿಡದೆ ಪೀಡಿಸುವುದು, ವೈರಸ್ ಇದೆಯೆಂದು ಸುಳ್ಳು ಹೇಳಿ ಹೆದರಿಸಿ ಹಣ ಕೀಳುವುದು, ಮೂರೂ ಆ ಪಟ್ಟಿಯಲ್ಲಿವೆ. ನಾನು ಮೇಲೆ ಬರೆದದ್ದರಲ್ಲಿ ಬಹುಪಾಲು ಈ ಮೂರರೊಳಗೇ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಈ ಮಾರ್ಗಸೂಚಿಯನ್ನು ಶಾಪಿಂಗ್ ತಾಣಗಳಿಗಷ್ಟೇ ನೆನಪಿಸಿದರೆ ಸಾಲದು. ಭಾರತದಲ್ಲಿ ಮಾರಾಟವಾಗುವ ಪ್ರತಿ ಲ್ಯಾಪ್‌ಟಾಪಿನ ಪೆಟ್ಟಿಗೆಯ ಮೇಲೆ ಅದರಲ್ಲಿ ಮೊದಲೇ ತುಂಬಿರುವ ಪ್ರಾಯೋಗಿಕ ತಂತ್ರಾಂಶಗಳ ಹೆಸರು ಇರಬೇಕು. ಮೊದಲ ಸಲ ಚಾಲೂ ಮಾಡಿದಾಗಲೇ ಅವುಗಳನ್ನು ಬುಡಸಮೇತ ತೆಗೆಯುವ ಆಯ್ಕೆ ಕನ್ನಡದಲ್ಲಿಯೂ ಕಾಣಿಸಬೇಕು. ತೆಗೆದ ಮೇಲೆ ಒಂದೇ ಒಂದು ಸೇವೆ ಹಿನ್ನೆಲೆಯಲ್ಲಿ ಉಳಿದರೂ ಅದರ ಹೊಣೆಯನ್ನು ಲ್ಯಾಪ್‌ಟಾಪ್ ಮಾರಿದ ಕಂಪನಿಯೇ ಹೊರಬೇಕು. ಇದನ್ನೇ ಬರೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತಿದ್ದೇನೆ. ಇದೇ ಕಾಟ ಅನುಭವಿಸುತ್ತಿರುವವರು 1915ಕ್ಕೆ ಕರೆ ಮಾಡಿ ತಮ್ಮ ದೂರನ್ನೂ ದಾಖಲಿಸಿ.